ಕರಡು ನಿಯಮಕ್ಕೆ ಅಭಿಪ್ರಾಯ ಹೇಳಲು ಊರಲ್ಲಿ ಸಭೆ ಮಾಡಬೇಕು, 47 ದಿನ ಉಳಿದಿದೆ. ಹೇಗೆ ಮಾಡೋದು?

ಫರ್ಸಿ ಕಲ್ಲು (ಶಹಾಬಾದ್ ಹತ್ತಿರ)

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಮ್ಮದು ಶಹಾಬಾದ್ ಮತ್ತು ವಾಡಿ ನಡುವಿನ ಊರು. ಒಂದು ಕಡೆ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಖಣಿ, ಇನ್ನೊಂದು ಕಡೆ ಪಾಲಿಶ್ ಮಷೀನು, ಮಧ್ಯೆ ತೊಗರಿ. ಕೇಂದ್ರ ಸರ್ಕಾರದ ಒಂದು ಕರಡು ನಿಯಮ ಬಂದಿದೆ. ಧೂಳು, ಕಲ್ಲು ಕೊಯ್ದ ನೀರು, ಖಾಲಿ ಖಣಿ ಮುಚ್ಚುವುದು, ಇಂಥ ವಿಷಯ. ಯಾವ ನಿಯಮ ಅಂತ ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಶುರುವಾಗಿ ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ. 60 ದಿನದೊಳಗೆ ಆಕ್ಷೇಪಣೆ, ಸಲಹೆ ಕಳಿಸಬೇಕು ಅಂತ ಇದೆ. ಪಿಡಿಎಫ್ ನಮ್ಮ ವಾಟ್ಸಾಪ್ ಗುಂಪಿಗೆ ಬರುವ ಹೊತ್ತಿಗೆ 13 ದಿನ ಹೋಗಿತ್ತು. ಮೊದಲರ್ಧ ಹಿಂದಿ, ಉಳಿದರ್ಧ ಇಂಗ್ಲಿಷ್. ಗುಂಪಿನಲ್ಲಿ 140 ಮಂದಿ ಇದ್ದಾರೆ, ತೆರೆದು ಓದಿದವರು ನನಗೆ ಗೊತ್ತಿದ್ದ ಹಾಗೆ ಮೂರೇ ಜನ. ಉಳಿದವರು ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು.

ಊರಲ್ಲಿ ಒಂದು ಸಭೆ ಮಾಡೋಣ ಅಂತ ಹನ್ನೆರಡು ಜನ ಸೇರಿದ್ದೇವೆ. ಕಲ್ಲು ಒಡೆಯುವವರು ಇದ್ದಾರೆ, ಇಬ್ಬರು ರಿಟೈರ್ಡ್ ಮಾಸ್ತರು ಇದ್ದಾರೆ, ಒಬ್ಬ ಪಾಲಿಶ್ ಮಷೀನಿನ ಮಾಲೀಕ ಇದ್ದಾನೆ. ಸಭೆ ಅಂದರೆ ನನಗೆ ಮಾತ್ರ ಒಳಗೊಳಗೇ ಅಳುಕು. ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆ ವಿಸ್ತರಣೆಗೆ ‘ಪರಿಸರ ಸಾರ್ವಜನಿಕ ಆಲಿಕೆ’ ಅಂತ ನಡೆಯಿತು. ಕಾರ್ಖಾನೆ ಹೆಸರು ಬೇಡ. ದೊಡ್ಡ ಪೆಂಡಾಲು, ಫ್ಯಾನು, ನೀರಿನ ಬಾಟಲಿ, ಎಲ್ಲ ಇತ್ತು. ವೇದಿಕೆ ಮೇಲಿನವರ ಮಾತು ಮುಗಿಯುವಷ್ಟರಲ್ಲಿ ಒಂದೂವರೆ ತಾಸು. ಆಮೇಲೆ ಬಸ್ಸಲ್ಲಿ ಬಂದಿದ್ದವರು ಒಬ್ಬರಾದ ಮೇಲೊಬ್ಬರು ಎದ್ದು, ಒಂದೇ ಮಾಸ್ತರು ಕಲಿಸಿದ ಪಾಠದ ಹಾಗೆ, ‘ನಮಗೆ ಉದ್ಯೋಗ ಬೇಕು, ಸ್ವಾಗತ’ ಅಂದರು. ನಮ್ಮೂರಿನ ಒಬ್ಬ ಮುದುಕಿ ಬಾವಿ ನೀರು ಯಾಕೆ ಬೆಳ್ಳಗಾಗಿದೆ ಅಂತ ಕೇಳಿದಳು. ‘ಅಜ್ಜಿ, ವಿಷಯಕ್ಕೆ ಬನ್ನಿ’ ಅಂದು ಮೈಕು ತೆಗೆದುಕೊಂಡರು. ಅದೇ ವಿಷಯ ಅಲ್ವಾ?

ಹೀಗಾಗಿ ನನ್ನ ಅನುಮಾನಗಳು ಇವು. ಇಂಥ ಸಭೆಯನ್ನು ನಾವೇ ಮಾಡಬಹುದೋ ಅಥವಾ ಜಿಲ್ಲಾಧಿಕಾರಿ ಕರೆಯಬೇಕೋ? ಅಧಿಕಾರಿಗಳು ಬರದಿದ್ದರೆ ಅದಕ್ಕೆ ಬೆಲೆ ಇದೆಯಾ? ಎಷ್ಟು ಜನ ಸೇರಿದರೆ ಸಭೆ ಅನ್ನಿಸಿಕೊಳ್ಳುತ್ತದೆ? ಮತ್ತೆ ಮಾಲೀಕ, ಕೂಲಿ ಇಬ್ಬರನ್ನೂ ಒಂದೇ ಕಡೆ ಕೂರಿಸಿದರೆ ಕೂಲಿಯವರು ಬಾಯಿ ಬಿಡುತ್ತಾರಾ? ನನ್ನ ತಲೆಯಲ್ಲಿರುವುದು ಶಾಲೆ ಮೈದಾನದಲ್ಲಿ ಒಂದು ದೊಡ್ಡ ಸಭೆ, ಐದಾರು ನೂರು ಜನ. ಸರಿಯೋ ತಪ್ಪೋ ಹೇಳಿ.

ಹಳೇ ಗುಮಾಸ್ತ (ಕಲಬುರಗಿ)

ನೀವು ಎರಡು ಬೇರೆ ಬೇರೆ ಸಾಮಾನನ್ನು ಒಂದೇ ಚೀಲಕ್ಕೆ ಹಾಕಿದ್ದೀರಿ. ಮೊದಲು ಬಿಡಿಸೋಣ.

ನೀವು ನೋಡಿದ ಆ ಪೆಂಡಾಲು ಒಂದು ಯೋಜನೆಗೆ ಸಂಬಂಧಿಸಿದ್ದು. ಅದು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಪ್ರಕಾರ ನಡೆಯುವಂಥದ್ದು. ಅದಕ್ಕೆ ಕಟ್ಟುನಿಟ್ಟಾದ ಪದ್ಧತಿ ಇದೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆ ಇರಲೇಬೇಕು. ಪತ್ರಿಕೆ ಹೋಗದ ಊರಲ್ಲಿ ಡಂಗುರ ಹೊಡೆಸಬೇಕು ಅಂತಲೂ ಅದರಲ್ಲೇ ಬರೆದಿದೆ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿ ಕೂರಬೇಕು. ಪೂರ್ತಿ ವಿಡಿಯೋ ಆಗಬೇಕು. ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಅಲ್ಲೇ ಓದಿ ಹೇಳಿ, ಅವತ್ತೇ ಸಹಿ ಮಾಡಬೇಕು. ಇಷ್ಟೇ ಜನ ಇರಬೇಕು ಅಂತ ಕೋರಂ ಇಲ್ಲ. ನಿಮ್ಮ ಅಜ್ಜಿಯ ಪ್ರಶ್ನೆ ನಡಾವಳಿಯಲ್ಲಿ ಬಂತೋ ಇಲ್ಲವೋ, ಆ ಕೊನೆಯ ಹತ್ತು ನಿಮಿಷ ಕೂತಿದ್ದರೆ ಗೊತ್ತಾಗುತ್ತಿತ್ತು. ಅಷ್ಟೊತ್ತಿಗೆ ಮಂದಿ ಊಟಕ್ಕೆ ಎದ್ದಿರುತ್ತಾರೆ. ನಾನು ಸರ್ವಿಸಿನಲ್ಲಿದ್ದಾಗ ಎಷ್ಟೋ ಸಲ ಖಾಲಿ ಕುರ್ಚಿಗಳಿಗೆ ನಡಾವಳಿ ಓದಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ನಿಮ್ಮ ಕೈಗೆ ಬಂದಿರುವುದು ಯೋಜನೆ ಅಲ್ಲ, ನಿಯಮದ ಕರಡು. ಅದು 1986ರ ಪರಿಸರ (ಸಂರಕ್ಷಣೆ) ನಿಯಮಗಳ 5ನೇ ನಿಯಮದ ದಾರಿಯಲ್ಲಿ ಬರುತ್ತದೆ. ಗೆಜೆಟ್‌ನಲ್ಲಿ ಕರಡು ಹಾಕುತ್ತಾರೆ, 60 ದಿನ ಕಾಯುತ್ತಾರೆ, ಬಂದ ಆಕ್ಷೇಪಣೆ ನೋಡಿ ಅಂತಿಮ ಮಾಡುತ್ತಾರೆ. ಈ ದಾರಿಯಲ್ಲಿ ಸಭೆ ಮಾಡಲೇಬೇಕು ಅಂತ ಸರ್ಕಾರಕ್ಕೆ ಕಟ್ಟಳೆ ಇಲ್ಲ. ಸಾರ್ವಜನಿಕ ಹಿತ ಅಂತ ಹೇಳಿ ಆ 60 ದಿನವನ್ನೂ ಬಿಟ್ಟುಬಿಡುವ ಅಧಿಕಾರ ಕೇಂದ್ರಕ್ಕೆ ಅದೇ ನಿಯಮದಲ್ಲಿ ಇದೆ. ಆದ್ದರಿಂದ ಜಿಲ್ಲಾಧಿಕಾರಿಯವರನ್ನು ಕಾಯುತ್ತಾ ಕೂತರೆ ದಿನ ಹೋಗುತ್ತದೆ. ಸಭೆ ನಿಮ್ಮದು, ನೀವೇ ಮಾಡಿ. ಸಮುದಾಯ ಭವನದೊಳಗೆ ಕೂತು ಮಾತಾಡಲು ಭವನದ ಬೀಗದ ಕೈ ಇದ್ದವರನ್ನು ಕೇಳಿದರೆ ಸಾಕು. ಬಯಲಲ್ಲಿ ಮೈಕು ಹಚ್ಚಿದರೆ ಮಾತ್ರ ಲಿಖಿತ ಅನುಮತಿ ಬೇಕು, ಅದು 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ 10ರ ಮೇಲೆ ಮೈಕು ಇಲ್ಲ.

ದಿನ ಎಣಿಸುವುದರಲ್ಲಿ ಹುಷಾರು. ಕರಡಿನ ಮೇಲಿರುವ ತಾರೀಖು ಬೇರೆ, ಗೆಜೆಟ್ ಜನರಿಗೆ ಸಿಕ್ಕ ತಾರೀಖು ಬೇರೆ ಇರಬಹುದು. 60 ದಿನ ಎಣಿಸುವುದು ಎರಡನೆಯದರಿಂದ. 2020ರ ಪರಿಸರ ಪರಿಣಾಮ ಅಂದಾಜು ಕರಡು ನೆನಪಿದೆಯಾ? ಮೇಲೆ ಮಾರ್ಚ್ 23 ಅಂತ ಇತ್ತು, ಗೆಜೆಟ್‌ನಲ್ಲಿ ಬಂದದ್ದು ಏಪ್ರಿಲ್ 11. ಲಾಕ್‌ಡೌನ್ ಬೇರೆ. ಕೊನೆಗೆ ವಿಷಯ ದೆಹಲಿ ಹೈಕೋರ್ಟಿಗೆ ಹೋಗಿ, ಗಡುವು ಆಗಸ್ಟ್ 11ಕ್ಕೆ ಮುಂದೆ ಹೋಯಿತು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದ ಮಾಡಿಸಿ ಅಂತಲೂ ಕೋರ್ಟು ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ಅದರ ಮೇಲೆ ಕೇಸು ನಡೆಯಿತು. ಅಂದಹಾಗೆ ಆ ಕರಡಿನಲ್ಲಿ ಈ 30 ದಿನದ ನೋಟಿಸನ್ನೇ 20ಕ್ಕೆ ಇಳಿಸುವ ಪ್ರಸ್ತಾಪ ಇತ್ತು. ಎಷ್ಟು ಜನ ಅದನ್ನು ಗಮನಿಸಿದರೋ.

ಇನ್ನೊಂದು ಮಾತು, ಇದು ಭಾಳ ಮಂದಿಗೆ ಗೊತ್ತಿಲ್ಲ. ದೆಹಲಿಗೆ ಇಂಗ್ಲಿಷಿನಲ್ಲೇ ಬರೆಯಬೇಕು ಅಂತ ಇಲ್ಲ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗೂ ಕನ್ನಡದಲ್ಲಿ ಕೊಡಬಹುದು. ಮೇಲೊಂದು ಪುಟ ಇಂಗ್ಲಿಷ್ ಸಾರಾಂಶ ಲಗತ್ತಿಸಿದರೆ ನಿಮಗೇ ಅನುಕೂಲ. ಆದರೆ ಕನ್ನಡದಲ್ಲಿ ಬರೆದವನ ಪತ್ರ ನಡೆಯುವುದಿಲ್ಲ ಅಂತ ಊರಲ್ಲಿ ಯಾರಾದರೂ ಹೆದರಿಸಿದರೆ ಈ ವಿಧಿಯನ್ನು ತೋರಿಸಿ.

ಓದಿ ಸುಮ್ಮನಿರುವವ (ಯಾದಗಿರಿ)

ಇಷ್ಟೆಲ್ಲ ಯಾಕ್ರೀ? ನಮ್ಮ ಕಡೆಯೂ ಬರೆದೆವು. ಕೆಮಿಕಲ್ ವಾಸನೆಗೆ ರಾತ್ರಿ ಕಿಟಕಿ ತೆಗೆಯಲಾಗುವುದಿಲ್ಲ ಅಂತ 600 ಸಹಿ ಹಾಕಿ ಕಳಿಸಿದೆವು. ಎಲ್ಲಿ ಹೋಯಿತೋ ದೇವರೇ ಬಲ್ಲ. ನಿಯಮ ಮಾಡುವವರು ಮೊದಲೇ ತೀರ್ಮಾನ ಮಾಡಿರುತ್ತಾರೆ, ನಮ್ಮ ಕಾಗದ ಸುಮ್ನೆ ಫೈಲಿನ ತೂಕಕ್ಕೆ. ಸಭೆಗೆ ಖರ್ಚು ಮಾಡುವ ದುಡ್ಡಲ್ಲಿ ಊರಿಗೊಂದು ನೀರಿನ ಫಿಲ್ಟರ್ ಹಾಕಿಸಿ.

ತೊಗರಿ ಕಣ (ಸೇಡಂ)

ಮೇಲಿನವರ ಸಿಟ್ಟು ನನಗೆ ಅರ್ಥ ಆಗುತ್ತದೆ, ಅದಕ್ಕೆ ಬೀದರಿನ ಅಕ್ಕ ಉತ್ತರ ಕೊಡಲಿ, ಅವರಿಗೆ ಅನುಭವ ಜಾಸ್ತಿ. ನಾನು ದಿನ ಮತ್ತು ಹೊತ್ತಿನ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನ ಮಟ್ಟಿಗೆ ಸಭೆ ಕೆಡುವುದು ಅಲ್ಲೇ.

47 ದಿನ ಅಂದಿರಿ. ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಮುಂದೆ ಇಟ್ಟುಕೊಳ್ಳಿ. ಈಗ ತೊಗರಿ ಕಾಯಿ ಕಟ್ಟಿದೆ, ಇನ್ನು ಮೂರ್ನಾಲ್ಕು ವಾರಕ್ಕೆ ಕೊಯ್ಲು. ಕೊಯ್ಲು ಶುರುವಾದ ಮೇಲೆ ಹಗಲು ಹೊತ್ತು ಊರಲ್ಲಿ ಸಿಗುವವರು ಮುದುಕರು, ಮಕ್ಕಳು ಮತ್ತು ಕಟ್ಟೆ ಮೇಲೆ ಕೂತ ರಾಜಕಾರಣ. ಮಧ್ಯೆ ಎಳ್ಳ ಅಮಾವಾಸ್ಯೆ ಬರುತ್ತದೆ. ನಗಬೇಡಿ, ನಮ್ಮ ತಾಲ್ಲೂಕಿನಲ್ಲಿ ಹೊರಗಿನಿಂದ ಬಂದ ಒಬ್ಬ ಅಧಿಕಾರಿ ಅವತ್ತೇ ಒಂದು ತಿಳುವಳಿಕೆ ಸಭೆ ಇಟ್ಟಿದ್ದರು. ಊರಿಗೆ ಊರೇ ಬಂಡಿ, ಟ್ರ್ಯಾಕ್ಟರ್ ಹತ್ತಿ ಚರಗ (ಬೆಳೆಗೆ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗಿತ್ತು. ಅಧಿಕಾರಿ ಮತ್ತು ಡ್ರೈವರ್ ಇಬ್ಬರೇ ಶಾಲೆ ಮುಂದೆ ನಿಂತಿದ್ದರು. ಕೊನೆಗೆ ಯಾರೋ ಕನಿಕರ ಬಂದು ಅವರನ್ನೂ ಹೊಲಕ್ಕೆ ಕರೆದುಕೊಂಡು ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಣ್ಣಿಸಿದರು. ಅವರ ವರದಿಯಲ್ಲಿ ಏನು ಬರೆದರೋ ಗೊತ್ತಿಲ್ಲ, ಊಟ ಮಾತ್ರ ಚೆನ್ನಾಗಿತ್ತಂತೆ.

ಅದಾದ ಮೇಲೆ ಸಂಕ್ರಮಣ. ಯಾದಗಿರಿ ಕಡೆ ನೆಂಟರಿದ್ದವರು ಮೈಲಾಪುರ ಜಾತ್ರೆಗೆ ಹೊರಡುತ್ತಾರೆ. ಸುಗ್ಗಿ ಮುಗಿದ ಕೂಡಲೇ ತಾಂಡಾದ ಮಂದಿ ಗುಳೆ ಹೋಗುತ್ತಾರೆ, ಮುಂಬೈ, ಪುಣೆ, ಹೈದರಾಬಾದ್. ಧೂಳು ಕುಡಿಯುವವರು ಅವರೇ, ಅವರಿಲ್ಲದೆ ಸಭೆ ಮಾಡಿ ಏನು ಉಪಯೋಗ? ಹೀಗೆ ಕಳೆಯುತ್ತಾ ಹೋದರೆ ನಿಮಗೆ ಉಳಿಯುವುದು ಈ ಮೂರು ವಾರ ಮಾತ್ರ. ಕೊನೆಯ ಹತ್ತು ದಿನ ಬರೆಯಲು, ಸಹಿ ಹಾಕಿಸಲು, ಪೋಸ್ಟ್ ಮಾಡಲು ಹೇಗೂ ಬೇಕು.

ಐದಾರು ನೂರು ಜನರ ಮೈದಾನದ ಸಭೆ ಬಿಡಿ. ಅಷ್ಟು ದೊಡ್ಡದಾದರೆ ಮಾತಾಡುವವರು ಹತ್ತೇ ಜನ, ಅದೂ ಯಾವಾಗಲೂ ಮಾತಾಡುವ ಹತ್ತು ಜನ. ನಲವತ್ತು ಐವತ್ತು ಮಂದಿಯ ನಾಲ್ಕೈದು ಸಣ್ಣ ಸಭೆ ಮಾಡಿ. ತಾಂಡಾದಲ್ಲಿ ರಾತ್ರಿ ಊಟ ಆದ ಮೇಲೆ, ಸೇವಾಲಾಲ್ ಗುಡಿ ಮುಂದೆ. ಹೆಂಗಸರದ್ದು ಮಧ್ಯಾಹ್ನ 2ರಿಂದ 4, ಅಂಗನವಾಡಿಯಲ್ಲಿ. ಬೆಳಿಗ್ಗೆ 11 ಅನ್ನುವುದು ಸರ್ಕಾರಿ ಹೊತ್ತು, ದುಡಿಯುವವರ ಹೊತ್ತಲ್ಲ. ಖಣಿಯವರಿಗೆ ವಾರದ ರಜೆ ಯಾವತ್ತೋ ಅವತ್ತು ಸಂಜೆ ಇಡಿ. ಸಂತೆ ದಿನ ಸಭೆ ಇಡಬೇಡಿ, ಆದರೆ ಡಂಗುರ ಸಂತೆಯಲ್ಲೇ ಹೊಡೆಸಿ. ಹಲಗೆ ಸದ್ದಿಗೆ ತಿರುಗಿ ನೋಡುವಷ್ಟು ವಾಟ್ಸಾಪಿಗೆ ಯಾರೂ ನೋಡುವುದಿಲ್ಲ, ನಿಮ್ಮ 140 ಮಂದಿಯೇ ಸಾಕ್ಷಿ.

ಭಾಷೆ ಬಗ್ಗೆಯೂ ಒಂದು ಮಾತು. ‘ಕನ್ನಡದಲ್ಲಿ ಮಾಡಿದರೆ ಆಯಿತು’ ಅಂದುಕೊಳ್ಳಬೇಡಿ. ನಮ್ಮ ಸೇಡಂ, ಚಿಂಚೋಳಿ ಗಡಿಯಲ್ಲಿ ಮನೆಯೊಳಗೆ ತೆಲುಗು, ನಿಮ್ಮ ಶಹಾಬಾದಿನಲ್ಲಿ ಅರ್ಧ ಓಣಿ ದಖನಿ ಉರ್ದು, ತಾಂಡಾದಲ್ಲಿ ಲಂಬಾಣಿ. ಕನ್ನಡ ಎಲ್ಲರಿಗೂ ಅರ್ಥ ಆಗುತ್ತದೆ, ಖರೆ. ಆದರೆ ಸಿಟ್ಟು ಬಂದಾಗ, ಅಳು ಬಂದಾಗ ಮನುಷ್ಯ ಮನೆ ಭಾಷೆಗೆ ಹೋಗುತ್ತಾನೆ. ನಿಮಗೆ ಬೇಕಾದ ಮಾತು ಆಗಲೇ ಬರುವುದು. ಅದನ್ನು ಹಿಡಿದು ಬರೆಯುವ ಒಬ್ಬರು ಪಕ್ಕದಲ್ಲಿರಬೇಕು.

ಮತ್ತೆ ಪಿಡಿಎಫ್ ಪೂರ್ತಿ ಅನುವಾದ ಮಾಡಲು ಕೂರಬೇಡಿ. ಎರಡು ಪುಟ ಸಾಕು, ಅದೂ ಊರ ಮಾತಿನಲ್ಲಿ. ಒಂದು ಕಡೆ ‘ಪರಿಸರ ಸೂಕ್ಷ್ಮ ವಲಯ’ ಅಂತ ಹಾಗೇ ಓದಿದ್ದಕ್ಕೆ, ಊರೇ ಖಾಲಿ ಮಾಡಿಸುತ್ತಾರೆ ಅಂತ ಗುಲ್ಲೆದ್ದು, ಆಮೇಲೆ ಸಮಾಧಾನ ಮಾಡಲು ಎರಡು ವಾರ ಬೇಕಾಯಿತು.

ನೌಬಾದ್ ಅಕ್ಕ (ಬೀದರ್)

ತೊಗರಿ ಕಣ ನನ್ನನ್ನು ಎಳೆದು ತಂದಿದ್ದಾರೆ. ಅನುಭವ ಅಂದರೆ ಸೋತ ಅನುಭವವೇ ಜಾಸ್ತಿ, ಆದರೂ ಹೇಳುತ್ತೇನೆ.

ಯಾದಗಿರಿಯವರೇ, ನಿಮ್ಮ 600 ಸಹಿ ಎಲ್ಲಿ ಹೋಯಿತು ಅಂತ ಕೇಳಿದಿರಿ. ಬೇಸರ ಮಾಡಿಕೊಳ್ಳಬೇಡಿ, ನಾವೂ ಮೊದಲ ಸಲ ಹಾಗೇ ಮಾಡಿದ್ದು. ‘ನಮಗೆ ತೊಂದರೆ ಆಗುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ’ ಅಂತ ಒಂದು ಪುಟ, ಕೆಳಗೆ ಸಹಿ ಮತ್ತು ಹೆಬ್ಬೆಟ್ಟು. ಅದು ದೂರು. ದೂರಿಗೆ ಬೇರೆ ಬಾಗಿಲಿದೆ. ಕರಡು ನಿಯಮದ ಫೈಲಿನಲ್ಲಿ ಕೂತವನಿಗೆ ಬೇಕಾದದ್ದು ಬೇರೆ: ಯಾವ ಕಲಮು, ಅದರಲ್ಲಿ ಯಾವ ಶಬ್ದ, ಅದು ಹಾಗೇ ಉಳಿದರೆ ನಮ್ಮೂರಲ್ಲಿ ಏನಾಗುತ್ತದೆ, ಅದರ ಬದಲು ಏನು ಬರೆಯಬೇಕು. ಈ ನಾಲ್ಕು ಇಲ್ಲದ ಕಾಗದದ ಮೇಲೆ ‘ಸ್ವೀಕರಿಸಲಾಗಿದೆ’ ಅಂತ ಬರೆದು ಪಕ್ಕಕ್ಕಿಡುವುದು ಸುಲಭ. ಒಂದೇ ಒಕ್ಕಣೆಯ 600 ಕಾಗದಕ್ಕಿಂತ ಇಪ್ಪತ್ತು ಬೇರೆ ಬೇರೆ ಕಾಗದಕ್ಕೆ ತೂಕ ಜಾಸ್ತಿ ಅಂತ ನನ್ನ ನಂಬಿಕೆ.

ಹಾಗಾದರೆ ಸಭೆ ಯಾಕೆ? ಆ ಇಪ್ಪತ್ತು ಕಾಗದಕ್ಕೆ ಸರಕು ಸಿಗುವುದು ಸಭೆಯಲ್ಲೇ. ಕಲಮು ಓದುವುದು ಮಾಸ್ತರರಿಗೆ ಬರುತ್ತದೆ, ಅದು ಎಲ್ಲಿ ತಪ್ಪುತ್ತದೆ ಅನ್ನುವುದು ಮುದುಕಿಗೆ ಗೊತ್ತಿರುತ್ತದೆ. ನಿಮ್ಮ ಆ ಅಜ್ಜಿಯನ್ನು ಮೊದಲು ಕರೆಯಿರಿ.

ಒಂದು ಉದಾಹರಣೆ ಕೊಡುತ್ತೇನೆ. ಇಂಥ ನಿಯಮಗಳಲ್ಲಿ ‘ಜನವಸತಿಯಿಂದ ಇಷ್ಟು ಮೀಟರ್ ದೂರ’ ಅಂತ ಬಂದೇ ಬರುತ್ತದೆ. ಓದಲು ಚೆಂದ. ಆದರೆ ಜನವಸತಿ ಅಂದರೆ ಯಾವುದು? ನಮ್ಮ ಕಡೆ ಎಷ್ಟೋ ತಾಂಡಾ ತಲೆತಲಾಂತರದಿಂದ ಇದ್ದರೂ ಕಂದಾಯ ದಾಖಲೆಯಲ್ಲಿ ಊರೇ ಅಲ್ಲ. 2023ರ ಜನವರಿಯಲ್ಲಿ ನಿಮ್ಮ ಪಕ್ಕದ ಮಳಖೇಡಕ್ಕೆ ಪ್ರಧಾನಿ ಬಂದು ಹಕ್ಕುಪತ್ರ ಹಂಚಿದರಲ್ಲ, ಆಗ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಐದು ಜಿಲ್ಲೆ ಸೇರಿ 1,475ರಷ್ಟು ದಾಖಲೆ ಇಲ್ಲದ ವಸತಿಗಳನ್ನು ಕಂದಾಯ ಗ್ರಾಮ ಅಂತ ಮಾಡಿದ ಲೆಕ್ಕ ಹೇಳಿದ್ದರು. ಅಂದರೆ ಅಲ್ಲಿಯವರೆಗೆ ಅಷ್ಟು ವಸತಿ ಕಾಗದದ ಮೇಲೆ ಇರಲೇ ಇಲ್ಲ. ನಿಮ್ಮ ಖಣಿ ಪಕ್ಕದ ತಾಂಡಾ ಆ ಪಟ್ಟಿಯಲ್ಲಿ ಬಂದಿದೆಯಾ, ಹೊಲದಲ್ಲಿ ಮನೆ ಕಟ್ಟಿಕೊಂಡ ಹತ್ತು ಕುಟುಂಬ ಲೆಕ್ಕಕ್ಕೆ ಬರುತ್ತದಾ? ‘ದಾಖಲೆಯಲ್ಲಿ ಇರಲಿ ಬಿಡಲಿ, ಮನೆಗಳಿದ್ದರೆ ಜನವಸತಿ ಅಂತ ಸೇರಿಸಿ’ ಎಂದು ಕೇಳುವ ಒಂದು ಸಾಲು, ನೂರು ಸಹಿಗಿಂತ ಮೇಲು.

ನೀರಿನದ್ದೂ ಅದೇ ಕಥೆ. ನಮ್ಮ ಬೀದರಿನಲ್ಲಿ ಸುರಂಗ ಬಾವಿ ಇದೆ, ಕರೇಜ್ ಅನ್ನುತ್ತಾರೆ. ಬಹಮನಿ ಕಾಲದ್ದು, ನೆಲದೊಳಗೆ ಕಾಲುವೆ, ಮೇಲೆ ಅಲ್ಲಲ್ಲಿ ಗಾಳಿಕಿಂಡಿಯಂಥ ಬಾವಿ. ನಿಯಮದಲ್ಲಿ ‘ನದಿ, ಕೆರೆ, ತೆರೆದ ಬಾವಿ’ ಅಂತ ಮಾತ್ರ ಬರೆದರೆ ಅದು ಯಾವುದರಲ್ಲೂ ಸೇರುವುದಿಲ್ಲ. ಇದು ಬರೀ ಕಲ್ಪನೆ ಅಲ್ಲ. 2017ರ ಜೌಗು ಪ್ರದೇಶ ನಿಯಮ ತೆಗೆದು ನೋಡಿ, ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆಗಳನ್ನು ವ್ಯಾಖ್ಯಾನದಿಂದಲೇ ಹೊರಗಿಟ್ಟಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಮನುಷ್ಯರು ಕಟ್ಟದ ಕೆರೆ ಎಷ್ಟಿವೆ ಹೇಳಿ! ಅದಕ್ಕೇ ನಾನು ಯಾವ ಕರಡು ಬಂದರೂ ಮೊದಲು ವ್ಯಾಖ್ಯಾನದ ಪುಟ ತೆಗೆಯುತ್ತೇನೆ. ನಿಮ್ಮ ಕಡೆ ಖಾಲಿ ಖಣಿಯಲ್ಲಿ ಮಳೆ ನೀರು ನಿಂತು ದನ ಕುಡಿಯುತ್ತವೆ, ಹೆಂಗಸರು ಬಟ್ಟೆ ಒಗೆಯುತ್ತಾರೆ, ಹೌದಲ್ವಾ? ಖಾಲಿ ಖಣಿ ಮುಚ್ಚಬೇಕು ಅಂತ ನಿಯಮ ಬಂದರೆ ಆ ನೀರು ಹೋಗುತ್ತದೆ. ಮುಚ್ಚದಿದ್ದರೆ ಮಕ್ಕಳು ಬೀಳುತ್ತಾರೆ. ಇದನ್ನು ಊರವರೇ ಕೂತು ಜಗಳ ಆಡಿ ತೀರ್ಮಾನಿಸಬೇಕು, ದೆಹಲಿಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ.

ಮಾಲೀಕರ ವಿಷಯ. ಕೂಲಿಯವರು ಮಾಲೀಕರ ಎದುರು ಬಾಯಿ ಬಿಡುವುದಿಲ್ಲ, ಅದರಲ್ಲಿ ಅನುಮಾನವೇ ಬೇಡ. ನಾಳೆ ಕೆಲಸಕ್ಕೆ ಬರಬೇಡ ಅಂದರೆ? ಆದ್ದರಿಂದ ಕೂಲಿಯವರದ್ದು ಮೊದಲು, ಬೇರೆ. ಅಲ್ಲಿ ಬರೆದುಕೊಂಡದ್ದರಲ್ಲಿ ಯಾರ ಹೆಸರೂ ಬೇಡ, ‘ಪಾಲಿಶ್ ಕೆಲಸದವರು ಹೇಳಿದ್ದು’ ಅಂದರೆ ಸಾಕು. ಆಮೇಲೆ ಸಣ್ಣ ಮಾಲೀಕರದ್ದು. ಅವರನ್ನು ಶತ್ರು ಅಂತ ಹೊರಗಿಡಬೇಡಿ. ಎರಡು ಮಷೀನ್ ಇಟ್ಟುಕೊಂಡ ಪಾಲಿಶ್ ಅಂಗಡಿಗೂ ದೊಡ್ಡ ಕಾರ್ಖಾನೆಗೂ ಒಂದೇ ಅಳತೆ ಹಾಕಿದರೆ ಸಣ್ಣವನು ಮುಚ್ಚುತ್ತಾನೆ, ದೊಡ್ಡವನು ಉಳಿಯುತ್ತಾನೆ. ಆ ಮಾತು ಅವರ ಬಾಯಿಂದಲೇ ಬರಲಿ. ಕೊನೆಗೆ ಒಂದು ದಿನ ಎಲ್ಲರೂ ಸೇರಿ, ಅವತ್ತು ಬರೆದದ್ದನ್ನು ಗಟ್ಟಿಯಾಗಿ ಓದಿ. ಒಪ್ಪದ ಮಾತಿದ್ದರೆ ‘ಇದಕ್ಕೆ ಒಪ್ಪಿಗೆ ಇಲ್ಲ’ ಅಂತಲೇ ಬರೆದು ಕಳಿಸಿ, ಎಲ್ಲರೂ ಒಂದೇ ಮಾತು ಹೇಳಬೇಕು ಅಂತ ಏನೂ ಇಲ್ಲ.

ಸಭೆಯಲ್ಲಿ ವೇದಿಕೆ ಬೇಡ. ಶಾಲು, ಹಾರ, ಪ್ರಾರ್ಥನಾ ಗೀತೆ, ಸ್ವಾಗತ, ಸನ್ಮಾನ, ವಂದನಾರ್ಪಣೆ ಯಾವುದೂ ಬೇಡ. ನಮ್ಮ ಭಾಗದಲ್ಲಿ ಸನ್ಮಾನ ಇಲ್ಲದೆ ಸಭೆ ಆಗುವುದೇ ಕಷ್ಟ ಅಂತ ನನಗೂ ಗೊತ್ತು, ಅದಕ್ಕೆ ಮುಂಚೆಯೇ ಹೇಳುತ್ತಿದ್ದೇನೆ. ಜಮಖಾನೆ ಹಾಸಿ ದುಂಡಗೆ ಕೂತುಕೊಳ್ಳಿ. ಚಹಾ, ಸುಸಲಾ ಕೊನೆಗಲ್ಲ, ಮೊದಲೇ ಕೊಡಿ. ಹೊಟ್ಟೆ ತಣ್ಣಗಿದ್ದರೆ ಮಾತು ನಿಧಾನಕ್ಕೆ ಬರುತ್ತದೆ. ಇಬ್ಬರು ಬರೆಯುವವರು ಇರಲಿ, ಒಬ್ಬರು ತಪ್ಪಿಸಿದ್ದು ಇನ್ನೊಬ್ಬರಿಗೆ ಸಿಗುತ್ತದೆ.

ಇಷ್ಟಾದರೂ ಅವರು ಓದದೆ ಇಡಬಹುದು. ಅದಕ್ಕೆ 2014ರಲ್ಲಿ ಕೇಂದ್ರವೇ ಒಪ್ಪಿಕೊಂಡ ಒಂದು ನೀತಿ ಇದೆ, ಕಾನೂನು ಮಾಡುವ ಮುಂಚಿನ ಸಮಾಲೋಚನೆಯದ್ದು. ಬಂದ ಅಭಿಪ್ರಾಯಗಳ ಸಾರಾಂಶವನ್ನು ಇಲಾಖೆ ತನ್ನ ಜಾಲತಾಣದಲ್ಲಿ ಹಾಕಬೇಕು ಅಂತ ಅದರಲ್ಲಿದೆ. ಹಾಕದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಕೇಳಿ: ನಮ್ಮ ಇಂಥ ತಾರೀಖಿನ ಪತ್ರದ ಮೇಲೆ ಏನು ಟಿಪ್ಪಣಿ ಬರೆದಿರಿ? ಯಾದಗಿರಿಯವರೇ, ನಿಮ್ಮದು ಇನ್ನೂ ಕೇಳಬಹುದು ನೋಡಿ.

ಓದಿ ಸುಮ್ಮನಿರುವವ (ಯಾದಗಿರಿ)

ಪೋಸ್ಟ್ ಮಾಡಿದ ರಸೀದಿ ಯಾರ ಹತ್ತಿರ ಇದೆಯೋ ನೋಡಬೇಕು. ಇದ್ದರೆ ಕೇಳುತ್ತೇನೆ.

ಹಳೇ ಗುಮಾಸ್ತ (ಕಲಬುರಗಿ)

ರಸೀದಿ ಇಲ್ಲದೆ ಯಾರೂ ಯಾವ ಕಾಗದವನ್ನೂ ಕಳಿಸಬೇಡಿ! ಕರಡಿನ ಮೇಲೇ ವಿಳಾಸ ಮತ್ತು ಇ-ಮೇಲ್ ಕೊಟ್ಟಿರುತ್ತಾರೆ. ಎರಡಕ್ಕೂ ಕಳಿಸಿ. ಪ್ರತಿ ಕಾಗದದ ಮೊದಲ ಸಾಲಿನಲ್ಲೇ ಅಧಿಸೂಚನೆಯ ಸಂಖ್ಯೆ, ತಾರೀಖು ಹಾಕಿ, ಇಲ್ಲದಿದ್ದರೆ ಬೇರೆ ಫೈಲಿಗೆ ಹೋಗಿ ಸೇರುತ್ತದೆ. ಕೊನೆಯ ದಿನ ಅಂಚೆಗೆ ಹಾಕಬೇಡಿ, ಆ ದಿನದೊಳಗೆ ಅಲ್ಲಿಗೆ ತಲುಪಿರಬೇಕು.

ಇನ್ನೊಂದು ಕೆಲಸ. ನಿಮ್ಮ ಪಂಚಾಯಿತಿಯ ಪಿಡಿಒ ಅವರನ್ನು ಕಂಡು ಗ್ರಾಮ ಸಭೆ ಯಾವಾಗ ಅಂತ ಕೇಳಿ. ಎರಡು ಗ್ರಾಮ ಸಭೆಗಳ ನಡುವೆ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು, ಹೀಗಾಗಿ ಹತ್ತಿರದಲ್ಲೇ ಒಂದು ಇದ್ದರೂ ಇರಬಹುದು. ಅಲ್ಲಿ ಒಂದು ಠರಾವು ಮಾಡಿಸಿದರೆ ನಿಮ್ಮ ಇಪ್ಪತ್ತು ಕಾಗದದ ಜೊತೆ ಮೊಹರು ಬಿದ್ದ ಒಂದು ಕಾಗದವೂ ಹೋಗುತ್ತದೆ. ನನ್ನಂಥ ಗುಮಾಸ್ತರಿಗೆ ಮೊಹರು ಕಂಡರೆ ಸ್ವಲ್ಪ ಗೌರವ ಜಾಸ್ತಿ, ಸುಳ್ಳು ಯಾಕೆ ಹೇಳಲಿ.

ಫರ್ಸಿ ಕಲ್ಲು (ಶಹಾಬಾದ್ ಹತ್ತಿರ)

ಎಲ್ಲರಿಗೂ ಭಾಳ ಉಪಕಾರ. ನಿನ್ನೆ ರಾತ್ರಿ ಹನ್ನೆರಡೂ ಜನ ಕೂತು ಇದನ್ನೆಲ್ಲ ಜೋರಾಗಿ ಓದಿದೆವು. ಎಳ್ಳ ಅಮಾವಾಸ್ಯೆ ಕಥೆಗೆ ಮಾಸ್ತರರು ನಕ್ಕು ನಕ್ಕು ಕೆಮ್ಮಿದರು. ಆಮೇಲೆ ನೋಡಿದರೆ ನಾವು ಹಾಕಿಕೊಂಡ ತಾರೀಖು ಅದರ ಮಾರನೇ ದಿನವೇ ಇತ್ತು.

ಮೈದಾನದ ಸಭೆ ಬಿಟ್ಟೆವು. ಈಗಿನ ಲೆಕ್ಕದಲ್ಲಿ ಐದು ಸಭೆ: ತಾಂಡಾದಲ್ಲಿ ಒಂದು, ಅಂಗನವಾಡಿಯಲ್ಲಿ ಹೆಂಗಸರದ್ದು ಒಂದು, ದರ್ಗಾ ಓಣಿಯಲ್ಲಿ ಒಂದು, ಕಲ್ಲಿನ ಕೆಲಸದವರದ್ದು ಒಂದು, ಮಾಲೀಕರದ್ದು ಒಂದು. ಆಮೇಲೆ ಎಲ್ಲರೂ ಕೂಡಿ ಓದುವ ದಿನ. ಗುಂಪಿನಲ್ಲಿದ್ದ ಮಾಲೀಕನಿಗೆ ‘ಕೂಲಿಯವರ ಸಭೆಗೆ ನೀನು ಬರಬಾರದು’ ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮುಖ ಸಣ್ಣದು ಮಾಡಿಕೊಂಡ. ಆಮೇಲೆ ‘ಜಮಖಾನೆ ನಮ್ಮ ಮನೆಯಿಂದ ಒಯ್ಯಿರಿ, ನಾನು ಬರುವುದಿಲ್ಲ’ ಅಂದ. ಜಮಖಾನೆ ಮೇಲೆ ಅವನ ಅಂಗಡಿ ಹೆಸರು ದೊಡ್ಡದಾಗಿ ಬರೆದಿದೆ. ಅದರ ಮೇಲೆ ಕೂತು ಅವನ ಕೂಲಿಯವರು ಏನು ಮಾತಾಡುತ್ತಾರೋ ಅಂತ ನಮಗೆ ಈಗ ಹೊಸ ಚಿಂತೆ.

ವ್ಯಾಖ್ಯಾನದ ಪುಟ ತೆಗೆದು ನೋಡಿದೆವು ಅಕ್ಕಾ. ಜನವಸತಿ ಅಂತ ಶಬ್ದ ನಾಲ್ಕು ಕಡೆ ಇದೆ, ಅದಕ್ಕೆ ವ್ಯಾಖ್ಯಾನ ಒಂದು ಕಡೆಯೂ ಇಲ್ಲ.

ನೌಬಾದ್ ಅಕ್ಕ (ಬೀದರ್)

ನಿಮ್ಮ ಮೊದಲ ಕಾಗದ ಸಿಕ್ಕಿತಲ್ಲ. ಜಮಖಾನೆ ಮಗುಚಿ ಹಾಸಿ. ತಾಂಡಾದಲ್ಲಿ ಬರೆಯುವವರು ಯಾರು?

ಫರ್ಸಿ ಕಲ್ಲು (ಶಹಾಬಾದ್ ಹತ್ತಿರ)

ಕಲಬುರಗಿಯಲ್ಲಿ ಡಿಗ್ರಿ ಓದುವ ಹುಡುಗಿ ಒಬ್ಬಳಿದ್ದಾಳೆ, ಅದೇ ತಾಂಡಾದವಳು. ಲಂಬಾಣಿಯಲ್ಲಿ ಕೇಳಿ ಕನ್ನಡದಲ್ಲಿ ಬರೆಯುತ್ತೇನೆ ಅಂದಿದ್ದಾಳೆ. ಎರಡನೆಯ ಬರಹಗಾರ ಇನ್ನೂ ಸಿಕ್ಕಿಲ್ಲ, ಬಹುಶಃ ನಾನೇ. ಸಭೆ ಶನಿವಾರ ರಾತ್ರಿ 8ಕ್ಕೆ. ಬಾವಿ ನೀರಿನ ಅಜ್ಜಿಯ ಮನೆಗೆ ನಾಳೆ ಬೆಳಿಗ್ಗೆ ಹೋಗುತ್ತೇನೆ, ಬರುತ್ತಾಳೋ ಇಲ್ಲವೋ ನೋಡಬೇಕು. ಹೋದ ಸಲದ ಮೈಕಿನ ಸಿಟ್ಟು ಇನ್ನೂ ಇಳಿದಿಲ್ಲವಂತೆ.